ಕೊಟೇಶನ್ ಚೀಟಿಯ ಏಳು ಸಾಲು

ಕಾಲೇಜು ಶುರುವಾಗುವ ಹೊತ್ತಿಗೆ ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗಳಿಗೆ ಅಪ್ಪ-ಮಗನ ಜೋಡಿಗಳು ಬರತೊಡಗುತ್ತವೆ. "ಓದಾಕ ಒಂದ್ ಚಲೋ ಕಂಪ್ಯೂಟರ್ ಬೇಕ್ರಿ" ಎನ್ನುವುದು ಅಪ್ಪನ ಮಾತು. ಗಾಜಿನ ಕ್ಯಾಬಿನೆಟ್‌ನೊಳಗೆ ಬಣ್ಣ ಬದಲಿಸುತ್ತ ತಿರುಗುವ ಫ್ಯಾನ್‌ಗಳಿಂದ ಮಗ ಕಣ್ಣು ಕೀಳುವುದಿಲ್ಲ. "ಬಜೆಟ್ ಎಷ್ಟ್ ಐತ್ರಿ?" ಎಂದು ಅಂಗಡಿಯವರು ಕೇಳುತ್ತಾರೆ. "ಐವತ್ತರ ಒಳಗ ಆಗ್ಲಿ" ಎಂಬ ಉತ್ತರ ಬಂದ ಮೇಲೆ ಕೊಟೇಶನ್ ಚೀಟಿ ತಯಾರಾಗುತ್ತದೆ. ಪ್ರೊಸೆಸರ್, ಮದರ್‌ಬೋರ್ಡ್, ರ್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್: ಏಳು ಸಾಲು, ಕೆಳಗೊಂದು ಮೊತ್ತ. ಅಪ್ಪ ನೋಡುವುದು ಮೊತ್ತವನ್ನು, ಮಗ ನೋಡುವುದು ಮೊದಲನೇ ಮತ್ತು ಐದನೇ ಸಾಲನ್ನು. ಕಡಿಮೆ ದುಡ್ಡಿನ ಗೇಮಿಂಗ್ ಪಿಸಿಗಳು ಕೈಕೊಡುವುದು ಹೆಚ್ಚಾಗಿ ಇಬ್ಬರೂ ಓದದ ಸಾಲುಗಳಲ್ಲಿ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಈ ವ್ಯಾಪಾರಕ್ಕೆ ಗಿರಾಕಿಗಳ ಕೊರತೆಯಿಲ್ಲ. 1947ರಲ್ಲಿ ಬಿವಿಬಿ ಕಾಲೇಜಾಗಿ ಆರಂಭವಾಗಿ 2015ರಲ್ಲಿ ವಿಶ್ವವಿದ್ಯಾಲಯವಾದ ಕೆಎಲ್‌ಇ ಟೆಕ್ ವಿದ್ಯಾನಗರದಲ್ಲಿದೆ. ಧಾರವಾಡದಲ್ಲಿ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜಿನ ಜೊತೆಗೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಹಗಲು ಕೋಡಿಂಗ್, ಕ್ಯಾಡ್, ವಿಡಿಯೊ ಎಡಿಟಿಂಗ್ ಮಾಡುವ ಯಂತ್ರದಲ್ಲೇ ರಾತ್ರಿ ವ್ಯಾಲೊರಂಟ್ ಓಡಬೇಕು ಎಂಬುದು ಈ ಹುಡುಗ-ಹುಡುಗಿಯರ ಲೆಕ್ಕ. ಅದೇ ದುಡ್ಡಿಗೆ ಸಿಗುವ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಶಕ್ತಿ ಕಡಿಮೆ. ಎರಡು ವರ್ಷದ ನಂತರ ಕಾರ್ಡ್ ಬದಲಿಸುವ ದಾರಿಯೂ ಇಲ್ಲ. ಗೇಮಿಂಗ್ ಎಂದರೆ ಬರೀ ಕಾಲಹರಣ ಎನ್ನುವ ಮನೆಯವರಿಗೆ ಹೇಳಲು ಇನ್ನೊಂದು ಮಾತೂ ಇದೆ: ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿತ್ತು.

ಚೀಟಿ ಬರೆಸುವ ಮೊದಲು ಉತ್ತರ ಬೇಕಾದ ಪ್ರಶ್ನೆ ಒಂದೇ. ಯಾವ ಆಟ, ಎಂಥ ಪರದೆಯ ಮೇಲೆ?

ಮಾನಿಟರ್ 1080ಪಿ ಆದರೆ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳು. 1440ಪಿ ಆದರೆ 36.9 ಲಕ್ಷ, 4ಕೆ ಆದರೆ 82.9 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಚುಕ್ಕೆಗಳಿಗೆ ಸೆಕೆಂಡಿಗೆ ಅರವತ್ತು ಸಲವೋ ನೂರು ಸಲವೋ ಬಣ್ಣ ತುಂಬಬೇಕು. ಐವತ್ತು-ಅರವತ್ತು ಸಾವಿರದ ಪಿಸಿಗೆ 4ಕೆ ಟಿವಿ ಜೋಡಿಸಿ "ಲ್ಯಾಗ್ ಆಗ್ತದ" ಎಂದು ಗೊಣಗಿದರೆ ತಪ್ಪು ಪಿಸಿಯದಲ್ಲ. ಈ ಬಜೆಟ್‌ಗೆ ಒಗ್ಗುವುದು 24 ಇಂಚಿನ 1080ಪಿ ಮಾನಿಟರ್.

ಇನ್ನು ಆಟಗಳು. 2020ರಲ್ಲಿ ಬಂದ ವ್ಯಾಲೊರಂಟ್ ಹಳೆಯ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಮೇಲೂ ಏಳುವಂತೆ ಮಾಡಿದ ಆಟ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಇಂದಿನ ಲೆಕ್ಕಕ್ಕೆ ಹಗುರ. 2023ರ ಸೆಪ್ಟೆಂಬರ್‌ನ ಕೌಂಟರ್ ಸ್ಟ್ರೈಕ್ 2 ಪ್ರೊಸೆಸರ್ ಮೇಲೆ ಭಾರ ಹಾಕುತ್ತದೆ, ಡಿಸ್ಕ್‌ನಲ್ಲಿ 85 ಜಿಬಿ ಜಾಗ ಕೇಳುತ್ತದೆ. ಸೈಬರ್‌ಪಂಕ್ 2077ರಂಥ ಆಟಕ್ಕೆ ಆರ್‌ಟಿಎಕ್ಸ್ 2060 ಸೂಪರ್ ದರ್ಜೆಯ ಕಾರ್ಡ್ ಇರಲಿ ಎಂದು ಅದನ್ನು ಮಾಡಿದವರೇ ಶಿಫಾರಸು ಮಾಡುತ್ತಾರೆ. ಮೊದಲ ಮೂರರಲ್ಲೇ ತೃಪ್ತಿ ಇರುವವರು ಮತ್ತು ನಾಲ್ಕನೆಯದು ಬೇಕೇ ಬೇಕು ಎನ್ನುವವರು ಒಂದೇ ಚೀಟಿ ಹಿಡಿದು ಅಂಗಡಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಮೊದಲ ಸಾಲು ಪ್ರೊಸೆಸರ್. "ಐ7 ಐತ್ರಿ, ಗೇಮ್ ಎಲ್ಲಾ ಓಡ್ತಾವ" ಎಂಬ ಮಾತಿಗೆ ಬಹಳ ಮಂದಿ ಬೀಳುವುದು ಇಲ್ಲೇ. ಇಪ್ಪತ್ತು-ಇಪ್ಪತ್ತೈದು ಸಾವಿರಕ್ಕೆ ಸಿಗುವ 'ಐ7 ಗೇಮಿಂಗ್ ಪಿಸಿ'ಗಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ 2012ರ ಕೋರ್ ಐ7-3770 ಇರುತ್ತದೆ, ಡಿಡಿಆರ್3 ರ್ಯಾಮ್ ಜೊತೆಗೆ. ಅದರ ಪಕ್ಕದಲ್ಲಿ 2022ರ ಕೋರ್ ಐ3-12100ಎಫ್ ಇಟ್ಟು ನೋಡಿದರೆ ಎರಡಕ್ಕೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ಒಂದೊಂದು ಕೋರ್‌ನ ವೇಗದಲ್ಲಿ ಹೊಸ ಐ3 ಹಳೆಯ ಐ7ಗಿಂತ ಒಂದೂವರೆ ಪಟ್ಟು ಮುಂದಿದೆ. ಎವಿಎಕ್ಸ್2 ಎಂಬ ಸೂಚನಾ ಗುಂಪು ಹಳೆಯದರಲ್ಲಿ ಇಲ್ಲವೇ ಇಲ್ಲ. ಅದನ್ನು ಕೇಳುವ ಈಚಿನ ಕೆಲವು ಆಟಗಳು ಆ ಯಂತ್ರದಲ್ಲಿ ತೆರೆದುಕೊಳ್ಳುವುದೇ ಇಲ್ಲ. ಹೆಸರಿನ ಮುಂದಿನ 3, 5, 7ಕ್ಕಿಂತ ಗೆರೆಯ ಆಚೆಗಿನ ಅಂಕಿ ಮುಖ್ಯ. 12100ರ ಮೊದಲೆರಡು ಅಂಕಿ ಹನ್ನೆರಡನೇ ಪೀಳಿಗೆಯನ್ನು ಹೇಳಿದರೆ, 3770ರ ಮೊದಲ ಅಂಕಿ ಮೂರನೆಯದನ್ನು.

ಕೊನೆಯಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಪ್ರತ್ಯೇಕ ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ. ಎಎಂಡಿಯಲ್ಲಿ ರೈಜೆನ್ 5 5600ಕ್ಕೂ ಇದೇ ಕಥೆ. 5600ಜಿ ಬೇರೆ. ಅದರೊಳಗೆ ವೇಗಾ ಗ್ರಾಫಿಕ್ಸ್ ಇದೆ, ಹಾಗಾಗಿ ಸದ್ಯಕ್ಕೆ ಕಾರ್ಡ್‌ಗೆ ದುಡ್ಡಿಲ್ಲದವರು ಅದರಿಂದಲೇ ಶುರು ಮಾಡಬಹುದು. ಸೆಟ್ಟಿಂಗ್ ತಗ್ಗಿಸಿದರೆ ವ್ಯಾಲೊರಂಟ್, ಜಿಟಿಎ 5 ಸಲೀಸಾಗಿ ಓಡುತ್ತವೆ. ಈ ಅನುಕೂಲಕ್ಕೆ ಬೆಲೆಯೂ ಇದೆ: 5600ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಶ್ 5600ಜಿಯಲ್ಲಿ 16 ಎಂಬಿ, ಕಾರ್ಡ್ ಕೂರುವ ಪಿಸಿಐಇ ದಾರಿಯೂ ಹಳೆಯ 3ನೇ ಆವೃತ್ತಿಯದು. ಕಾರ್ಡ್ ಇಂದೇ ಕೊಳ್ಳುವುದಾದರೆ 5600, ಮುಂದಿನ ವರ್ಷ ನೋಡೋಣ ಎನ್ನುವುದಾದರೆ 5600ಜಿ.

ಎರಡನೇ ಸಾಲಿನ ಮದರ್‌ಬೋರ್ಡ್ ಆಟದ ವೇಗ ಹೆಚ್ಚಿಸುವುದಿಲ್ಲ, ನಾಳೆಯ ದಾರಿ ತೆರೆದಿಡುತ್ತದೆ ಇಲ್ಲವೇ ಮುಚ್ಚುತ್ತದೆ. 2017ರಿಂದ ರೈಜೆನ್‌ಗಳು ಕೂರುತ್ತ ಬಂದ ಎಎಂ4 ಸಾಕೆಟ್‌ಗೆ ಡಿಡಿಆರ್4 ರ್ಯಾಮ್ ಸಾಕು. 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ಕಡ್ಡಾಯ. ಮೊದಲನೆಯದು ಅಗ್ಗ, ಎರಡನೆಯದಕ್ಕೆ ಮುಂದೆ ಹೊಸ ಪ್ರೊಸೆಸರ್‌ ಹಾಕಿಕೊಳ್ಳಬಹುದು. ಅಗ್ಗದ ಬಿ450 ಬೋರ್ಡ್ ಹಳೆಯ ಸ್ಟಾಕ್‌ನದಾದರೆ ಬಯೋಸ್ ಅಪ್‌ಡೇಟ್ ಆಗದೆ 5000 ಸರಣಿಯ ರೈಜೆನ್ ಏಳುವುದಿಲ್ಲ. ಆ ಅಪ್‌ಡೇಟನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಬೇಕು.

ಮೂರನೇ ಸಾಲು ರ್ಯಾಮ್. ಚೀಟಿಯಲ್ಲಿ '16 ಜಿಬಿ' ಎಂದಷ್ಟೇ ಇದ್ದರೆ ಸಾಲದು. ಹದಿನಾರರ ಒಂದೇ ಕಡ್ಡಿಯೋ, ಎಂಟರ ಎರಡು ಕಡ್ಡಿಯೋ ಎಂದು ಕೇಳಬೇಕು. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಸಾಗಿಸುತ್ತದೆ. ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ ಕೂತರೆ 51.2 ಜಿಬಿ. 5600ಜಿಯಂಥ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ರ್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂಟಿ ಕಡ್ಡಿ ಹಾಕಿ ಅದಕ್ಕೆ ಸಿಗುವ ಮಾಹಿತಿಯನ್ನು ಅರ್ಧಕ್ಕಿಳಿಸಿದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಎದ್ದು ಕಾಣುವಷ್ಟು ಬೀಳುತ್ತದೆ. "ಮುಂದ ಇನ್ನೊಂದು ಹಾಕಿಸಿಕೊಂಡ್ರಾತು" ಎಂಬ ಸಮಾಧಾನಕ್ಕೂ ಈಗ ಅರ್ಥ ಕಡಿಮೆ. ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಗಗನಕ್ಕೇರಿತು. ಮನೆ ಬಳಕೆದಾರರಿಗೆ ಚಿರಪರಿಚಿತವಾಗಿದ್ದ ಕ್ರೂಶಿಯಲ್ ಬ್ರ್ಯಾಂಡ್‌ನ ವ್ಯಾಪಾರದಿಂದ ಹೊರಬರುವುದಾಗಿ ಮೈಕ್ರಾನ್ ಕಂಪನಿ ಅದೇ ಡಿಸೆಂಬರ್‌ನಲ್ಲಿ ಘೋಷಿಸಿತು.

ನಾಲ್ಕನೇ ಸಾಲಿನಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರೈವತ್ತು ಎಂಬಿ ಆಸುಪಾಸಿನಲ್ಲಿ ಓದುತ್ತದೆ, ಸಾಟಾ ಎಸ್‌ಎಸ್‌ಡಿ ಸುಮಾರು 550, ಸಾಧಾರಣ ಎನ್‌ವಿಎಂಇ 3000ದ ಮೇಲೆ. ಆಟದ ಎಫ್‌ಪಿಎಸ್ ಇದರಿಂದ ಅಷ್ಟಾಗಿ ಬದಲಾಗದು, ಲೋಡಿಂಗ್ ಕಾಯುವಿಕೆ ಇಳಿಯುತ್ತದೆ. ಒಂದೊಂದು ಆಟವೇ 80-100 ಜಿಬಿ ನುಂಗುವ ಕಾಲದಲ್ಲಿ 256 ಜಿಬಿ ಸಾಲದು, 500ರಿಂದ ಮೇಲಿರಲಿ.

ಐದನೇ ಸಾಲಿಗೆ ಬಂದಾಗ ಪೂರ್ತಿ ಕುಳಿತು ಓದಬೇಕು. ಹೊಸ ಆಟಗಳೇ ಗುರಿಯಾದರೆ ಒಟ್ಟು ಮೊತ್ತದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕು. ಕಾರ್ಡ್‌ಗಳ ಹೆಸರಿನಲ್ಲಿ ಇರುವಷ್ಟು ಮೋಸ ಬೇರೆಲ್ಲೂ ಇಲ್ಲ. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲೇ ಎರಡು ಬೇರೆ ಬೇರೆ ಸರಕುಗಳಿವೆ. 2022ರದು 8 ಜಿಬಿ, 2560 ಕೋರ್, 128 ಬಿಟ್. 2024ರದು 6 ಜಿಬಿ, 2304 ಕೋರ್, 96 ಬಿಟ್. ಬರೀ ಮೆಮೊರಿ ಕಡಿಮೆ ಎಂದುಕೊಂಡು ಎರಡನೆಯದನ್ನು ತಂದವರಿಗೆ ವೇಗವೂ ಕಡಿಮೆಯಾಗಿರುವುದು ಮನೆಗೆ ಬಂದ ಮೇಲೆ ತಿಳಿಯುತ್ತದೆ. ಆ ಕಾರ್ಡ್‌ಗೆ ಅದರದೇ ಜಾಗವೂ ಇದೆ: 70 ವ್ಯಾಟ್ ಸಾಕಾಗುವುದರಿಂದ ಬೇರೆ ಪವರ್ ಕೇಬಲ್ ಬೇಡ, ಹಳೆಯ ಪಿಸಿಯೊಂದಕ್ಕೆ ಜೀವ ತುಂಬಲು ತಕ್ಕದ್ದು. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಯದು ಬೇರೆ ತೊಡಕು. 4 ಜಿಬಿಯ ಈ ಕಾರ್ಡ್‌ ಮದರ್‌ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ಪಿಸಿಐಇ ಲೇನ್‌ಗಳಲ್ಲಿ. 5600ಜಿಯ ಪಿಸಿಐಇ 3 ದಾರಿಯಲ್ಲಿ ಕೂರಿಸಿದರೆ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ.

1080ಪಿ ಆಟಕ್ಕೆ ಕಡಿಮೆ ಬಜೆಟ್‌ನವರು ವರ್ಷಗಳಿಂದ ನೆಚ್ಚಿಕೊಂಡಿರುವುದು 2021ರ ಆರ್‌ಎಕ್ಸ್ 6600. ಅದರಲ್ಲಿ 8 ಜಿಬಿ ಮೆಮೊರಿ ಇದೆ, ಎಳೆಯುವುದು 132 ವ್ಯಾಟ್. ಕೈ ತುಸು ಸಡಿಲ ಬಿಟ್ಟರೆ ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060 ಅಥವಾ ಅದರ ನಂತರದ 5060. ಇಂಟೆಲ್ 2024ರ ಡಿಸೆಂಬರ್‌ನಲ್ಲಿ ತಂದ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ. ಆದರೆ ಹಳೆಯ ಅಥವಾ ದುರ್ಬಲ ಪ್ರೊಸೆಸರ್ ಜೊತೆ ಅದು ಮಂಕಾಗುತ್ತದೆ, ರಿಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದ ಬೋರ್ಡ್‌ಗೆ ಅದನ್ನು ತರಲೇಬಾರದು.

ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳ ಮಾತು ಬಂದಾಗ ಒಂದು ದಿನಾಂಕ ನೆನಪಿರಲಿ: 15 ಸೆಪ್ಟೆಂಬರ್ 2022. ಅಂದು ಇಥೀರಿಯಂ ಎಂಬ ಕ್ರಿಪ್ಟೊ ಹಣದ ಜಾಲ ಗ್ರಾಫಿಕ್ಸ್ ಕಾರ್ಡ್ ಬೇಡದ ಪದ್ಧತಿಗೆ ಹೊರಳಿತು. ಹಗಲು-ರಾತ್ರಿ ಗಣಿಗಾರಿಕೆಗೆ ದುಡಿದಿದ್ದ ಕಾರ್ಡ್‌ಗಳು ಲೋಕದ ಸಂತೆಗೆಲ್ಲ ಸುರಿದವು. ಅವುಗಳಲ್ಲಿ ಹೆಚ್ಚು ಕೈ ಬದಲಾಯಿಸುವುದು ಆರ್‌ಎಕ್ಸ್ 580. ಅಸಲಿ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್‌ಗಳಿವೆ. ಚೀನಾದ ಮಾರುಕಟ್ಟೆಗೆಂದು ಬಂದ '2048 ಎಸ್‌ಪಿ' ಎಂಬುದು ಕೋರ್ ಲೆಕ್ಕದಲ್ಲಿ ಆರ್‌ಎಕ್ಸ್ 570ಯೇ. ಜಿಪಿಯು-ಝೆಡ್ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ತೆರೆದು 'ಶೇಡರ್ಸ್' ಎಂಬಲ್ಲಿನ ಅಂಕಿ ನೋಡಿದರೆ ನಿಜ ಹೊರಬೀಳುತ್ತದೆ.

ಕಚೇರಿಗಳಿಂದ ಬಿಡುಗಡೆಯಾದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಡಬ್ಬಗಳು ಇನ್ನೊಂದು ಸೆಳೆತ. ಹದಿನೈದು ಸಾವಿರದ ಒಳಗೆ ಮುಗಿಯಬಹುದು ನಿಜ. ಆದರೆ ಆ ತೆಳು ಡಬ್ಬದಲ್ಲಿ ಗಿಡ್ಡ ಕಾರ್ಡ್‌ಗಳಷ್ಟೇ ಹಿಡಿಯುತ್ತವೆ. ಅದರ ಎಸ್‌ಎಂಪಿಎಸ್ ಕಂಪನಿಯ ಸ್ವಂತ ಅಳತೆಯದು, ಕಾರ್ಡ್‌ಗೆ ಬೇಕಾದ ಆರು ಪಿನ್‌ ಕೇಬಲ್ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಹಾಗಾಗಿ ಸ್ಲಾಟ್‌ನಿಂದಲೇ ಸಿಗುವ 75 ವ್ಯಾಟ್‌ನೊಳಗಿನ ಜಿಟಿಎಕ್ಸ್ 1650ರಂಥವುಗಳಿಗೆ ಆಯ್ಕೆ ಸೀಮಿತ. ಆರನೇ, ಏಳನೇ ಪೀಳಿಗೆಯ ಇಂಟೆಲ್ ಇದ್ದರೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಅಡ್ಡದಾರಿಯಲ್ಲಿ 11 ಹಾಕಿಕೊಟ್ಟರೂ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ಅದರ ಮೇಲೆ ವ್ಯಾಲೊರಂಟ್ ಬಾಗಿಲು ತೆರೆಯುವುದಿಲ್ಲ.

ಆರನೇ ಸಾಲು ಎಸ್‌ಎಂಪಿಎಸ್, ಅಂದರೆ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಡಬ್ಬ. ಚೀಟಿಯಲ್ಲಿ ದುಡ್ಡು ಉಳಿಸಲು ಮೊದಲು ಕತ್ತರಿ ಬೀಳುವ ಜಾಗ ಇದೇ. "ಕ್ಯಾಬಿನೆಟ್ ಜೋಡಿನ 450 ವ್ಯಾಟ್ ಬರ್ತದ್ರಿ, ಬ್ಯಾರೆ ಯಾಕ?" ಎಂದರೆ ಡಬ್ಬ ತಿರುಗಿಸಿ ಬದಿಯ ಲೇಬಲ್ ಓದಬೇಕು. ಅಲ್ಲೊಂದು ಸಣ್ಣ ಕೋಷ್ಟಕ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಪ್ರತಿಯೊಂದರ ಕೆಳಗೆ ಆಂಪಿಯರ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬದುಕುವುದು 12 ವೋಲ್ಟ್ ಮೇಲೆ. ಅಲ್ಲಿ 14 ಆಂಪಿಯರ್ ಎಂದಿದ್ದರೆ 12 ಗುಣಿಸು 14, ಅಂದರೆ 168 ವ್ಯಾಟ್. ಮೇಲೆ ದಪ್ಪಕ್ಷರದಲ್ಲಿ 450 ಎಂದಿದ್ದರೂ ಕೆಲಸಕ್ಕೆ ಬರುವುದು ಅಷ್ಟೇ. ಆರ್‌ಎಕ್ಸ್ 6600ಕ್ಕೆ 132, ರೈಜೆನ್ 5600 ಪೂರ್ತಿ ದುಡಿದಾಗ 76. ಇವೆರಡಕ್ಕೇ 208 ಬೇಕು. ಆಟ ನಡೆದಿರುವಾಗ ಪಿಸಿ ಫಕ್ಕನೆ ಆರಿ ಮತ್ತೆ ಹೊತ್ತಿಕೊಂಡರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 12 ವೋಲ್ಟ್ ಎದುರು 40ಕ್ಕೂ ಹೆಚ್ಚು ಆಂಪಿಯರ್ ತೋರಿಸುವ, '80 ಪ್ಲಸ್ ಬ್ರಾಂಜ್' ಗುರುತಿನ 550 ವ್ಯಾಟ್‌ನದನ್ನು ತೆಗೆದುಕೊಂಡರೆ ಮುಂದಿನ ಕಾರ್ಡ್‌ಗೂ ಅದೇ ಸಾಕಾಗುತ್ತದೆ.

ಗೋಡೆಯ ಪ್ಲಗ್ಗಿನ ಕಡೆಯೂ ಒಮ್ಮೆ ನೋಡಬೇಕು. ವಿದ್ಯುತ್ ಕಂಪನಿ ಹೆಸ್ಕಾಂನ ಕೇಂದ್ರ ಕಚೇರಿ ಹುಬ್ಬಳ್ಳಿಯ ನವನಗರದಲ್ಲೇ ಇದ್ದರೂ ಮಳೆಗಾಳಿಗೆ ಕರೆಂಟು ಹೋಗುವುದು ತಪ್ಪಿಲ್ಲ. ಮೇಲಿನ ಪಿಸಿ ಉಳಿದ ಭಾಗಗಳೂ ಸೇರಿ 260 ವ್ಯಾಟ್ ಬಳಸಿದರೆ, ಎಸ್‌ಎಂಪಿಎಸ್‌ನಲ್ಲಿ ಸೋರಿಹೋಗುವುದು ಮತ್ತು ಮಾನಿಟರ್ ಕೂಡಿ ಗೋಡೆಯಿಂದ ಎಳೆಯುವುದು 330ರ ಸುತ್ತ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್, ಅಂದರೆ ಅಂಚಿನ ಮೇಲಿನ ನಡಿಗೆ. ಒಂದು ಕೆವಿಎ ಆದರೆ ಸೇವ್ ಮಾಡಿ ಆರಿಸಲು ಪುರುಸೊತ್ತು ಸಿಗುತ್ತದೆ. ಧಾರವಾಡದ ಸಪ್ತಾಪುರ, ಕಲ್ಯಾಣನಗರದ ಬಾಡಿಗೆ ಕೋಣೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ತಿಳಿಯಬೇಕು. ಹೊಸ ಎಸ್‌ಎಂಪಿಎಸ್ ಅದನ್ನು ಸರಿಮಾಡದು, ವೈರ್‌ಮನ್‌ನನ್ನೇ ಕರೆಸಬೇಕು.

ಏಳನೇ ಸಾಲಿನ ಕ್ಯಾಬಿನೆಟ್ ಆರಿಸುವಾಗ ಊರನ್ನು ಮರೆಯುವಂತಿಲ್ಲ. ಅಗೆದ ರಸ್ತೆ, ಚೆನ್ನಮ್ಮ ವೃತ್ತದ ಮೇಲ್ಸೇತುವೆಯಂಥ ಕಾಮಗಾರಿ, ಬೇಸಿಗೆಯಲ್ಲಿ 37-38 ಡಿಗ್ರಿ ಬಿಸಿಲು. ಹುಬ್ಬಳ್ಳಿಯ ಧೂಳಿಗೆ ಪರಿಚಯ ಬೇಕಿಲ್ಲ. ಮುಂಭಾಗಕ್ಕೆ ಪೂರ್ತಿ ಗಾಜು ಹೊದಿಸಿದ ಕ್ಯಾಬಿನೆಟ್‌ನಲ್ಲಿ ಬಣ್ಣದ ಫ್ಯಾನ್‌ಗಳು ಎಷ್ಟೇ ತಿರುಗಿದರೂ ಒಳಬರಲು ಗಾಳಿಗೆ ದಾರಿಯಿಲ್ಲ. ಮುಂದೆ ಜಾಲರಿ, ಅದರ ಹಿಂದೆ ಕಳಚಿ ತೊಳೆಯಬಲ್ಲ ಫಿಲ್ಟರ್, ಮುಂದಿನಿಂದ ಎಳೆಯುವ ಎರಡು ಫ್ಯಾನ್, ಹಿಂದಕ್ಕೆ ದಬ್ಬುವ ಒಂದು. ಇಷ್ಟಿದ್ದರೆ ಸಾಕು, ಬೆಳಕಿನ ಚಿತ್ತಾರಕ್ಕೆ ಕೊಡುವ ದುಡ್ಡು ಎಸ್‌ಎಂಪಿಎಸ್‌ಗೆ ಹೋಗಲಿ.

ಎಲ್ಲಿ ಕೊಳ್ಳಬೇಕು ಎಂಬ ಚರ್ಚೆ ಹುಬ್ಬಳ್ಳಿಯಲ್ಲಿ ಯಾವಾಗಲೂ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ನಿಲ್ಲುತ್ತದೆ. ಸಾದರ ಪತ್ರಪ್ಪ ರಸ್ತೆಯ ಆ ಗಲ್ಲಿಗಳಲ್ಲಿ ಆಯ್ಕೆ ಹೆಚ್ಚು, ಚೌಕಾಸಿಗೂ ಜಾಗ ಹೆಚ್ಚು. ಧಾರವಾಡದಿಂದ 2023ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾದ ಮೇಲೆ ಹೋಗಿಬರುವುದೂ ಸುಲಭವಾಗಿದೆ. ಖುದ್ದಾಗಿ ಹೋಗದವರು ವಿಆರ್‌ಎಲ್ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುತ್ತಾರೆ. ಉಳಿಯುವ ಒಂದೆರಡು ಸಾವಿರದ ಎದುರು ತೂಗಿ ನೋಡಬೇಕಾದದ್ದು ವಾರಂಟಿ. ಪ್ರೊಸೆಸರ್, ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದೂ ಇರುವುದುಂಟು. ಎರಡನೇ ವರ್ಷ ಕಾರ್ಡ್ ಕೆಟ್ಟರೆ ಹುಬ್ಬಳ್ಳಿಯ ಅಂಗಡಿಯವರೇ ಕಳಿಸಿ ತರಿಸಿಕೊಡುತ್ತಾರೋ, ಗಿರಾಕಿಯೇ ನಾನೂರು ಕಿಲೊಮೀಟರ್ ಹೊತ್ತೊಯ್ಯಬೇಕೋ ಎಂಬುದನ್ನು ಮೊದಲೇ ಕೇಳಿಕೊಂಡರೆ ಚೌಕಾಸಿಯ ಲೆಕ್ಕವೇ ಬದಲಾಗುತ್ತದೆ.

ಬಿಲ್ಲಿನ ವಿಷಯವೂ ಹಾಗೆಯೇ. ಬಿಡಿಭಾಗಗಳ ಮೇಲೆ 18 ಪ್ರತಿಶತ ಜಿಎಸ್‌ಟಿ ಇದೆ. ಐವತ್ತು ಸಾವಿರದ ಮೊತ್ತದಲ್ಲಿ 7,627 ರೂಪಾಯಿ ತೆರಿಗೆಯೇ. "ಬಿಲ್ ಬ್ಯಾಡಂದ್ರ ಕಮ್ಮಿ ಮಾಡ್ತೇನ್ರಿ" ಎಂಬ ಮಾತು ರುಚಿಸುವುದು ಅದಕ್ಕೇ. ಆದರೆ ಕಾರ್ಡ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋದಾಗ ಕಚ್ಚಾ ಚೀಟಿ ತೋರಿಸಿದರೆ ನಡೆಯುವುದಿಲ್ಲ.

ಜೋಡಣೆ ಮುಗಿದ ಮೇಲೆ, ಬಾಕಿ ಹಣ ಕೊಡುವ ಮೊದಲು, ಅರ್ಧ ಗಂಟೆ ಅಂಗಡಿಯಲ್ಲೇ ಕುಳಿತುಕೊಳ್ಳುವುದು ಒಳ್ಳೆಯದು. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಸಿಕ್ಕಿಸಿದೆಯೇ ನೋಡಬೇಕು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್ ಬಳಕೆಯಲ್ಲಿರುವುದು, ವೇಗ 3200 ಎಂದಿರುವುದು ಕಾಣಬೇಕು. 2133 ಅಥವಾ 2666 ಎಂದಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ರ್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿಲ್ಲ ಎಂದರ್ಥ, ಎರಡು ನಿಮಿಷದ ಕೆಲಸ. ಆಮೇಲೆ ಭಾರವಾದ ಆಟವೊಂದನ್ನು ಓಡಲು ಬಿಟ್ಟು, ಕಾರ್ಡ್, ಬೋರ್ಡ್, ಎಸ್‌ಎಂಪಿಎಸ್ ಡಬ್ಬಗಳ ಮೇಲಿನ ಸೀರಿಯಲ್ ನಂಬರ್‌ಗಳನ್ನು ಬಿಲ್ಲಿನ ಸಾಲುಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಚೀಟಿಯ ಮೊತ್ತವನ್ನಷ್ಟೇ ನೋಡುತ್ತಿದ್ದ ಅಪ್ಪನಿಗೆ ಈ ಕೆಲಸ ಒಪ್ಪಿಸಬಹುದು. ಆಟ ಹೇಗೆ ಓಡುತ್ತಿದೆ ಎಂಬುದನ್ನು ಮಗ ನೋಡಿಕೊಳ್ಳುತ್ತಾನೆ.